ಸಿಸ್ಟರ್‌ಗೆ ಸೀರಿಯಸ್ ಎಂದು ನಾನು ಹೇಳಿದ್ದು

ನನ್ನ ಬದುಕಿನಲ್ಲಿ ಎರಡು ಬಗೆಯ ಸಿಸ್ಟರ್‌ಗಳು ಬಂದರು. ಮೊದಲನೆಯವರು ಬಳ್ಳಾರಿಯ ಬೋರ್ಡಿಂಗ್ ಶಾಲೆಯ ನನ್‌ಗಳು. ಫೋರ್ಕ್ ಹಿಡಿಯುವುದು, ಕರ್ಸಿವ್‌ನಲ್ಲಿ ಬರೆಯುವುದು, ಅಳು ಬಂದರೆ ಅದನ್ನು ಕರ್ಚೀಫಿನ ಒಳಗೇ ಮುಗಿಸಿಬಿಡುವುದು, ಇವೆಲ್ಲ ಅವರು ಕಲಿಸಿದ್ದು. ಎರಡನೆಯವಳು ಒಬ್ಬಳೇ. ಸರ್ಕಾರಿ ನರ್ಸು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಸೂಜಿ ಚುಚ್ಚುತ್ತ, ಹೆರಿಗೆ ಮಾಡಿಸುತ್ತ ಸರ್ವಿಸ್ ಮುಗಿಸಿದವಳು. ರಿಟೈರ್ ಆದಮೇಲೆ ಕೊಟ್ಟೂರಿನಲ್ಲಿ, ನಮ್ಮ ಮನೆಯಿಂದ ಎರಡು ಓಣಿ ಆಚೆ, ತಮ್ಮನ ಮಗನ ಸಂಸಾರದ ಜೊತೆ ಇದ್ದಳು. ಊರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತಿತ್ತು, ನಾನೂ ಎನ್ನುತ್ತಿದ್ದೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅಳು ಬಂದರೆ ತುಂಬಿದ ಬಸ್ಸಿನಲ್ಲೂ ಬಾಯಿ ಬಿಟ್ಟು ಅಳುತ್ತಿದ್ದಳು.

ಅವಳು ಹೋಗಿ ಐದು ತಿಂಗಳಾಯಿತು. ನುಡಿನಮನದ ದಿನ ಸ್ಟೇಜಿನ ಮೇಲೆ ಕೂತವರು ಅವಳನ್ನು ಕಲಾಪೋಷಕಿ ಎಂದರು, ನಿಸ್ವಾರ್ಥ ಸಮಾಜಸೇವಕಿ ಎಂದರು. ನಾನೂ ಕನ್ನಡಕ ಹಾಕಿಕೊಂಡು ಎರಡು ಮಾತು ಓದಿದೆ. ಆಡಿದ್ದೆಲ್ಲ ನಿಜವಾದ ಮಾತೇ. ಆದರೆ ನಾನು ಅವಳಿಗೆ ಒಂದು ಪ್ರಾಮಿಸ್ ಮಾಡಿದ್ದೆ, ಅದನ್ನು ನಡೆಸಿಕೊಡಲಿಲ್ಲ. ಅದನ್ನು ಮೈಕಿನ ಮುಂದೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಮೊದಲು ನಮ್ಮ ಮನೆಗೆ ಬಂದದ್ದು ನನ್ನ ಮಗನಿಗೆ ಲಸಿಕೆ ಹಾಕುವುದಕ್ಕೆ. ಆಗ ಅವಳದು ಹೊಸ ಕೆಲಸ, ನನ್ನದು ಹೊಸ ಸಂಸಾರ. ಮಗು ಕಿರುಚುತ್ತಿದ್ದಾಗ ಗೋಡೆಯ ಮೇಲಿದ್ದ ನನ್ನ ಶಾಲೆಯ ಗ್ರೂಪ್ ಫೋಟೋ ನೋಡಿದಳು. "ಅಕ್ಕಾರ, ನೀವು ಕಾನ್ವೆಂಟಿನ್ಯಾಗ ಓದೀರೇನ್ರಿ? ಹಂಗಾರ ಇಂಗ್ಲಿಷ್ ಅರ್ಜಿ ಬರೆಯಾಕ ಬರ್ತೈತಿ" ಎಂದಳು. ಪ್ರಶ್ನೆ ಅಲ್ಲ, ತೀರ್ಮಾನ. ಮಾರನೆಯ ದಿನವೇ ಒಬ್ಬ ಮುದುಕನನ್ನು ಕರೆದುಕೊಂಡು ಬಂದಳು. ಆಯುಷ್ಯವೆಲ್ಲ ಬಯಲಾಟಕ್ಕೆ ಮದ್ದಳೆ ಬಾರಿಸಿ ಬೆರಳು ಸೊಟ್ಟಗಾದವನು. ಅವನಿಗೆ ಕಲಾವಿದರ ಮಾಸಾಶನ ಬರಬೇಕು, ಅದಕ್ಕೆ ದಿಲ್ಲಿಗೆ ಬರೆಯಬೇಕು ಎಂದಳು. ದಿಲ್ಲಿಯಲ್ಲಿ ಯಾರಿಗೆ ಎಂದು ಕೇಳಿದರೆ, "ಯಾರರ ಇರ್ತಾರ್ರಿ, ನೀವು ಚಂದ ಬರೀರಿ" ಎಂದಳು. ನಾನು 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿ ಒಂದೂವರೆ ಪುಟ ಬರೆದೆ. ಅದು ಯಾವ ಟೇಬಲ್ಲಿಗೆ ಹೋಯಿತೋ, ಉತ್ತರವಂತೂ ಬಂತು. ಅವತ್ತಿನಿಂದ ನಾನು ಅವಳ ಸೆಕ್ರೆಟರಿ. ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲ, ರಿಟೈರ್‌ಮೆಂಟ್ ಕೂಡ ಇಲ್ಲ.

ಸಿಸ್ಟರ್‌ಗೆ ಹಾಡಿನ ಹುಚ್ಚು ಹಿಡಿದದ್ದು ಹೆರಿಗೆಯ ಮನೆಗಳಲ್ಲಿ. ಹೆರಿಗೆ ಎಂದರೆ ಅರ್ಧ ಕೆಲಸ ಕಾಯುವುದು. ಕಾನಹೊಸಹಳ್ಳಿಯ ಸುತ್ತಮುತ್ತ, ನೀಲಗುಂದದ ಕಡೆ, ಯಾವುದೋ ಅಡಿಗೆಮನೆಯ ಮೂಲೆಯಲ್ಲಿ ಅವಳು ನೀರು ಕಾಯಿಸಿಕೊಂಡು ಕೂತಿರುವಾಗ ಮನೆಯ ಮುದುಕಿಯರು ಬೇನೆ ತಿನ್ನುವವಳ ಧ್ಯಾನ ಬೇರೆಡೆ ಹೋಗಲೆಂದು ಹಾಡುತ್ತಿದ್ದರಂತೆ. ಇವಳು ಅದನ್ನು ಹಳೆಯ ಲಸಿಕೆ ಕಾರ್ಡುಗಳ ಹಿಂದೆ ಗೀಚಿಕೊಳ್ಳುತ್ತಿದ್ದಳು. ಒಂದು ಕಡೆ ಬಿ.ಸಿ.ಜಿ., ಇನ್ನೊಂದು ಕಡೆ ಸೋಬಾನೆ. ಆಮೇಲೆ ಟೇಪ್‌ರೆಕಾರ್ಡರ್ ಬಂತು, ಆಮೇಲೆ ಮೊಬೈಲ್.

ತಾನು ಮಾತ್ರ ಹಾಡುತ್ತಿರಲಿಲ್ಲ. ಹಾಡಲು ಬರುತ್ತಿರಲಿಲ್ಲ ಎಂದರೆ ಸರಿ. ಒಮ್ಮೆ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತ ಮುದುಕಿಯೊಬ್ಬಳಿಗೆ ಪದದ ಧಾಟಿ ನೆನಪಿಸಲೆಂದು ಬಾಯಿ ತೆರೆದಳು. ಮುದುಕಿ ಕಿವಿ ಮುಚ್ಚಿಕೊಂಡು, "ಸಿಸ್ಟರ, ನೀನು ಸೂಜಿನ ಚುಚ್ಚವ್ವ, ಅದ ತಡಕೋತೀನಿ" ಎಂದಳು. ಪಕ್ಕದಲ್ಲಿ ಕೂತ ಕಂಡಕ್ಟರ್ ಚಹಾ ಉಗುಳಿಬಿಟ್ಟ. ಸಿಸ್ಟರ್ ಇದನ್ನು ಹೋದಲ್ಲೆಲ್ಲ ತಾನೇ ಹೇಳಿ ನಗುತ್ತಿದ್ದಳು.

ಮಾಸಾಶನಕ್ಕೆ ಅರ್ಜಿ ಹಾಕುವವರು ತಾವು ಕಲಾವಿದರು ಎಂಬುದಕ್ಕೆ ಪುರಾವೆ ಕೊಡಬೇಕಿತ್ತು. ಕಾರ್ಯಕ್ರಮ ಕೊಟ್ಟ ಫೋಟೋ ಬೇಕು, ಹಿಂದೆ ಬ್ಯಾನರ್ ಕಾಣಬೇಕು. ಬೀಸುಕಲ್ಲಿನ ಮುಂದೆ ಐವತ್ತು ವರ್ಷ ಹಾಡಿದವಳಿಗೆ ಬ್ಯಾನರ್ ಕಟ್ಟಿದವರು ಯಾರು? ಸಿಸ್ಟರ್ ಒಂದು ಬಟ್ಟೆಯ ಬ್ಯಾನರ್ ಬರೆಸಿದಳು. ಅದರಲ್ಲಿ ಊರಿಲ್ಲ, ತಾರೀಕಿಲ್ಲ. 'ಜನಪದ ಕಲಾ ಕಾರ್ಯಕ್ರಮ' ಎಂದಷ್ಟೇ. ಅದನ್ನು ಬ್ಯಾಗಿನಲ್ಲಿ ಮಡಿಚಿಟ್ಟುಕೊಂಡು ಹಳ್ಳಿ ಹಳ್ಳಿ ತಿರುಗಿ ಬೇವಿನ ಮರಕ್ಕೋ ಗುಡಿಯ ಕಂಬಕ್ಕೋ ಕಟ್ಟಿ, ಅದರ ಮುಂದೆ ಹಾಡಿಸಿ, ಫೋಟೋ ತೆಗೆಸುತ್ತಿದ್ದಳು. ಹಾಡು ಪೂರ್ತಿ ಹಾಡಬೇಕು, ಸುಮ್ಮನೆ ಬಾಯಿ ತೆರೆದು ಪೋಸ್ ಕೊಟ್ಟರೆ ಬಿಡುತ್ತಿರಲಿಲ್ಲ. ಕೊನೆಗೊಮ್ಮೆ ಆಫೀಸಿನವರೊಬ್ಬರು ಫೈಲು ತಿರುವಿ ಹಾಕಿ, "ಏನ್ರೀ ಸಿಸ್ಟರ್, ಎಲ್ಲಾ ಫೋಟೋದಾಗೂ ಒಂದ ಬ್ಯಾನರ್ ಐತಲ್ರೀ" ಎಂದರು. ನಾನು ಪಕ್ಕದಲ್ಲೇ ಇದ್ದೆ, ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಅವಳು ಹೇಳಿದಳು: "ಹೌದ್ರಿ ಸರ್. ಬ್ಯಾನರ್ ಒಂದ. ಹಾಡು ಬ್ಯಾರೆ ಬ್ಯಾರೆ ಅದಾವು, ಕೇಳ್ತೀರೇನು? ಹೊರಗ ಕುಂತಾರ, ಕರೀಲಿ?" ಕಾರಿಡಾರಿನಲ್ಲಿ ನಿಜವಾಗಿಯೂ ಏಳು ಮಂದಿ ಮುದುಕಿಯರು ಕೂತಿದ್ದರು. ಆ ಸಾಹೇಬರು ಕೈ ಮುಗಿದು ಸಹಿ ಹಾಕಿದರು.

ಹರಪನಹಳ್ಳಿಯಲ್ಲಿ ಕಣ್ಣಿನ ಕ್ಯಾಂಪ್ ನಡೆದರೆ ಹಳ್ಳಿಗಳಿಂದ ಮುದುಕಿಯರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುವವಳೂ ಅವಳೇ. ಆಪರೇಷನ್ ಆದ ಮರುದಿನ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಸಾಲಾಗಿ ಕೂತವರಿಗೆ ಮಾಡಲು ಏನೂ ಕೆಲಸವಿರುತ್ತಿರಲಿಲ್ಲ. "ಕಣ್ಣಿಗೆ ರೆಸ್ಟ್, ಬಾಯಿಗೇನು ರೋಗ? ಹಾಡ್ರಿ" ಎನ್ನುತ್ತಿದ್ದಳು. ದಾವಣಗೆರೆ ಕಡೆಯಿಂದ ಬಂದ ಚಿಕ್ಕ ವಯಸ್ಸಿನ ಡಾಕ್ಟರು ಬಾಗಿಲಲ್ಲಿ ನಿಂತು, ರೌಂಡ್ಸ್ ಮರೆತು ಕೇಳಿದ್ದನ್ನು ನಾನು ನೋಡಿದ್ದೇನೆ. ಇಟ್ ವಾಸ್ ಬ್ಯೂಟಿಫುಲ್, ಬೇರೆ ಮಾತು ನನಗೆ ಸಿಗುವುದಿಲ್ಲ.

ಇಷ್ಟು ಹಾಡು ಕೂಡಿಟ್ಟವಳಿಗೆ ಒಂದು ಹಾಡು ಮಾತ್ರ ಸಿಗಲಿಲ್ಲ.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಹೋದವರ ಗುಣ, ಅವರು ಮಾಡಿದ ಅಡಿಗೆ, ಸಾಕಿದ ಎಮ್ಮೆ, ಆಡಿದ ಜಗಳ, ಎಲ್ಲವನ್ನೂ ಕರೆದು ಕರೆದು ರಾಗದಲ್ಲಿ ಹೇಳಿ ಅಳುವುದು. ಈಗೀಗ ಕಡಿಮೆ. ಉಜ್ಜಿನಿಯಿಂದ ಸ್ವಲ್ಪ ಒಳಗಿನ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾಳೆ, ನನ್ನದೇ ವಯಸ್ಸು. ಅವಳ ಹಾಗೆ ಹಾಡಿ ಅಳುವವರು ಈ ಐದು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ಸಿಸ್ಟರ್ ಹೇಳುತ್ತಿದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಯಾರು ಸತ್ತರೂ ಅವಳಿಗೆ ಮೊದಲು ಸುದ್ದಿ ಹೋಗುತ್ತದೆ. ಸಾವಿನ ಮನೆಯಲ್ಲಿ ಏನೂ ತೆಗೆದುಕೊಳ್ಳುವುದಿಲ್ಲ, ಒಂದು ಲೋಟ ನೀರು ಕೂಡ.

ನಾನು ಅವಳ ಹಾಡನ್ನು ಒಮ್ಮೆ ಕೇಳಿದ್ದೇನೆ. ಕಣ್ಣಿಗೆ ಹಾಕುವ ಔಷಧಿ ಕೊಟ್ಟುಬರಲು ಸಿಸ್ಟರ್ ಜೊತೆ ಒಂದು ಹಳ್ಳಿಗೆ ಹೋಗಿದ್ದಾಗ ಅಲ್ಲಿ ಕುಂಬಾರರ ಮನೆಯ ಹೆಣ್ಣುಮಗಳು ತೀರಿಕೊಂಡಿದ್ದಳು. ಅಜ್ಜಿ ಬಂದವಳು ಅಳಲಿಲ್ಲ, ಯಾರನ್ನೂ ಮಾತನಾಡಿಸಲಿಲ್ಲ. ಸತ್ತವಳ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡುತ್ತ ಕೂತಳು. ಎಷ್ಟು ಹೊತ್ತು ನೋಡಿದಳು ಎಂದರೆ ನನಗೆ ಕಸಿವಿಸಿಯಾಯಿತು. ಆಮೇಲೆ ಶುರುವಾಯಿತು. "ಕೈಯಾನ ಮಣ್ಣು ಇನ್ನ ಹಸಿ ಐತಲ್ಲ ನನ್ನವ್ವ, ತಿಗರಿ ತಿರುಗಾಕ ಹತ್ತೈತಿ, ಎದ್ದು ಎಲ್ಲಿ ಹೊಂಟಿ..." ಅದಕ್ಕಿಂತ ಹೆಚ್ಚು ನನಗೆ ನೆನಪಿಲ್ಲ. ನನ್ನ ಕರ್ಚೀಫು ಅವತ್ತು ಯಾತಕ್ಕೂ ಸಾಲಲಿಲ್ಲ. ಸಿಸ್ಟರ್ ಬ್ಯಾಗಿನಲ್ಲಿ ರೆಕಾರ್ಡರ್ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಬಸ್ಸಿನಲ್ಲಿ ಯಾಕೆ ಎಂದು ಕೇಳಿದರೆ, "ಅಳೋರ ಬಾಯಿಗೆ ಮಷೀನ್ ಹಿಡಿಯಾಕ ನನಗ ಕೈ ಬರಂಗಿಲ್ಲ ಅಕ್ಕಾರ. ಅವರು ಹೂಂ ಅನ್ನೋ ಸ್ಥಿತಿಯಾಗ ಇರಂಗಿಲ್ಲ" ಎಂದಳು.

ಹಾಗಾದರೆ ಬೇರೆ ಹೊತ್ತಿನಲ್ಲಿ ಹಾಡಿಸೋಣ ಎಂದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಸಾವಿಲ್ಲದ ಮನೆಯಲ್ಲಿ ಸಾವಿನ ಹಾಡು ಹಾಡಬಾರದು ಎಂಬುದು ಒಂದು. ಇನ್ನೊಂದು, ಸತ್ತವರ ಮುಖ ಕಾಣದೆ ಅದು ಬರುವುದೇ ಇಲ್ಲ ಎನ್ನುತ್ತಿದ್ದಳು. "ಅದೇನ್ ಕಲ್ತ ಪದ ಏನ? ಮಾರಿ ನೋಡಿದ್ರ ಬರ್ತೈತಿ. ಮಾರಿ ಇಲ್ಲಂದ್ರ ಎಲ್ಲಿಂದ ತರಲಿ?"

ಸಿಸ್ಟರ್ ಸುಮ್ಮನಾಗುವ ಪೈಕಿಯಲ್ಲ. ಒಂದು ಮಧ್ಯಾಹ್ನ ನಾನೂ ಜೊತೆಗಿದ್ದೆ, ಅಜ್ಜಿಯ ಪಡಸಾಲೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಇವಳು ಇದ್ದಕ್ಕಿದ್ದ ಹಾಗೆ ಹೊರಸಿನ ಮೇಲೆ ಮಲಗಿ, ಸೆರಗು ಮುಖದವರೆಗೆ ಎಳೆದುಕೊಂಡು, "ನಾ ಸತ್ತೀನಿ ಅನ್ಕೋ. ಮಾರಿ ನೋಡು, ಹಾಡು" ಎಂದಳು.

ಅಜ್ಜಿಯ ಕೈಯಲ್ಲಿದ್ದ ಮೊರ ಅವಳ ಮೇಲೆ ಬಿತ್ತು. "ಏಳಲೇ ಹುಚ್ಚಿ! ಏಳ್ತೀಯೋ ಇಲ್ಲೋ! ಬಾಯಿಗೆ ಮಣ್ಣ ಹಾಕ್ತೀನಿ ನೋಡು!"

"ಅದನ್ನ ಹಾಡಿ ಹೇಳಬೇ."

"ಅಕ್ಕಾರ, ನೀವರ ಹೇಳ್ರಿ ಈಕಿಗೆ. ಓದಿದೋರು ನೀವು." ಅಜ್ಜಿ ನಗುತ್ತಿದ್ದಳು, ಆದರೆ ಕಣ್ಣು ತುಂಬಿತ್ತು. ಎದ್ದು ಒಳಗೆ ಹೋಗಿ ವಿಭೂತಿ ತಂದು ಇವಳ ಹಣೆಗೆ ಒತ್ತಿದಳು.

ಅವತ್ತು ಬಸ್ಸಿನಲ್ಲಿ ಸಿಸ್ಟರ್ ನನ್ನ ಕೈ ಹಿಡಿದುಕೊಂಡು ಹೇಳಿದಳು: "ನನಗೊಂದು ದಾರಿ ಕಂಡೈತಿ. ನನ್ನ ಸಾವಿಗೆ ನಾನ ಪರ್ಮಿಷನ್ ಕೊಡಬಹುದಲ್ಲ? ಆಕಿ ಬಂದು ಹಾಡಬೇಕು, ನೀವು ಮೊಬೈಲ್ ಹಿಡೀಬೇಕು. ಒಂದ ಹಾಡು ಉಳಿದ್ರ ಸಾಕು, ಮುಂದಿನೋರು ಹಿಂಗಿತ್ತು ಅಂತ ಕೇಳ್ತಾರ."

"ನೀನು ನನಗಿಂತ ಚಿಕ್ಕವಳು. ನಾನ್‌ಸೆನ್ಸ್ ಮಾತಾಡಬೇಡ" ಎಂದೆ.

"ಪ್ರಾಮಿಸ್ ಮಾಡ್ರಿ. ನಿಮ್ಮ ಕಾನ್ವೆಂಟ್ ಪ್ರಾಮಿಸ್."

ಮಾಡಿದೆ. ಬಸ್ಸು ಇಳಿಯುವಷ್ಟರಲ್ಲಿ ಅವಳು ಬೇರೆ ಮಾತಿಗೆ ಹೋಗಿದ್ದಳು. ಹಡಗಲಿಯಲ್ಲಿರುವ ಅವಳ ತವರಿನಿಂದ ಮಲ್ಲಿಗೆ ಬಂದಿತ್ತಂತೆ, ನನಗೆ ಒಂದು ಮೊಳ ಎತ್ತಿಟ್ಟಿದ್ದಳಂತೆ.

ಎರಡು ವರ್ಷದ ನಂತರ ಅವಳ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆ, ಡಯಾಲಿಸಿಸ್ ಎಂದು ಕೆಲವು ತಿಂಗಳು ಓಡಾಡಿದರು. ಕೊನೆಗೆ ಅವಳೇ ಸಾಕು ಎಂದಳು. ಎಷ್ಟೋ ಜನರ ನಾಡಿ ಹಿಡಿದವಳು, ಅವಳಿಗೆ ಯಾರು ಏನು ಹೇಳುವುದು? ಮನೆಗೆ ಕರೆತಂದ ಮೂರನೆಯ ದಿನ, ಬೆಳಗಿನ ಚಹಾದ ಹೊತ್ತಿಗೆ, ತಮ್ಮನ ಮಗನ ಹೆಂಡತಿ ತಲೆ ಬಾಚುತ್ತಿದ್ದಾಗ ಹೋದಳು. ಅವನು ನನಗೆ ಫೋನ್ ಮಾಡಿ, "ದೊಡ್ಡಮ್ಮಾರ, ಅತ್ತಿಯವರಿಗೆ ಭಾಳ ಸೀರಿಯಸ್ ಆಗೈತ್ರಿ, ಬರ್ರಿ" ಎಂದ. ನಾನು ಚಪ್ಪಲಿ ಹುಡುಕುತ್ತಲೇ ಅಳಲು ಶುರುಮಾಡಿದೆ. ಯಾಕೆಂದರೆ ನಮ್ಮಲ್ಲಿ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಸತ್ತರು ಎಂದು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ವಯಸ್ಸಾದವರು ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದು, ಬಸ್ಸು ಹತ್ತಿ ಬಂದು ಮುಟ್ಟುವವರೆಗೆ ಒಂದು ಎಳೆ ಆಸೆ ಇರಲಿ ಎಂದು 'ಸೀರಿಯಸ್' ಎನ್ನುತ್ತೇವೆ. ಕೇಳಿದವರು ತಿಳಿದುಕೊಳ್ಳುತ್ತಾರೆ, ತಿಳಿಯದ ಹಾಗೆ ಇರುತ್ತಾರೆ. ಇದು ನಮ್ಮ ಜನರ ಮರ್ಯಾದೆ. ನನ್ನ ನನ್‌ಗಳೂ ಅದನ್ನೇ ಬೇರೆ ರೀತಿ ಹೇಳಿಕೊಟ್ಟಿದ್ದರು, ಬ್ರೇಕ್ ಇಟ್ ಜೆಂಟ್ಲಿ ಎಂದು.

ಅವಳ ಮನೆಗೆ ಹೋಗಿ ಅವಳ ಕಾಲು ಮುಟ್ಟಿ ಕೂತೆ. ಆಮೇಲೆ ಪ್ರಾಮಿಸ್ ನೆನಪಾಯಿತು. ಅಜ್ಜಿಯ ಮನೆಗೆ ನಾನೇ ಫೋನ್ ಮಾಡಿದೆ. ಅವಳೇ ಎತ್ತಿದಳು.

"ಅಜ್ಜಿ, ನಾನು ಕೊಟ್ಟೂರಿಂದ. ಸಿಸ್ಟರ್‌ಗೆ ಭಾಳ ಸೀರಿಯಸ್ ಐತಿ. ಜಲ್ದಿ ಬರ್ರಿ."

"ಹೌದಾ? ಉಸಿರಾಟ ಹೆಂಗೈತಿ?" ಎಂದಳು.

"ಬರ್ರಿ ನೀವು" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಉಸಿರಾಟ ಹೆಂಗೈತಿ ಎಂದು ಅವಳು ಕೇಳಿದ್ದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಅವಳೂ ತಿಳಿಯದ ಹಾಗೆ ಇದ್ದಾಳೆ ಅಂದುಕೊಂಡೆ.

ನಾಲ್ಕು ಗಂಟೆಗೆ ಮಣ್ಣು ಮಾಡುವುದು ಎಂದು ತೀರ್ಮಾನವಾಯಿತು. ಅವಳಿಗೆ ಸ್ನಾನ ಮಾಡಿಸಿ, ವಿಭೂತಿ ಬಳಿದು, ಬಾಳೆಕಂಬ ಕಟ್ಟಿದ ಚಟ್ಟದ ವಿಮಾನದಲ್ಲಿ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಓಣಿ ತುಂಬಿತು. ಕೂಡ್ಲಿಗಿಯಿಂದ ಬಯಲಾಟದವರು ಬಂದರು, ಹಡಗಲಿಯಿಂದ ಅವಳ ತವರಿನವರು ಮಲ್ಲಿಗೆಯ ಬುಟ್ಟಿ ತಂದರು, ಹರಪನಹಳ್ಳಿಯಿಂದ ಟೆಂಪೋದಲ್ಲಿ ಮುದುಕಿಯರು ಬಂದು ಇಳಿದರು. ಅವಳ ರಿಪೇರಿ ಕೆಲಸವೆಲ್ಲ ಮಾಡಿಕೊಡುತ್ತಿದ್ದ ಸಾಬರ ಮೆಕ್ಯಾನಿಕ್, ಅವಳ ಹಳೆಯ ಟೇಪ್‌ರೆಕಾರ್ಡರ್ ಅನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದನೋ, ಗೋಡೆಗೆ ಮುಖ ಹಾಕಿ ನಿಂತಿದ್ದ. ಗಂಡಸರ ಭಜನೆ ನಡೆಯಿತು. ಹೆಂಗಸರು ಅತ್ತರು, ಒಬ್ಬಿಬ್ಬರು ರಾಗ ಎಳೆದು ನಿಲ್ಲಿಸಿದರು. ಅಜ್ಜಿ ಬರುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗಾಗಿ ಜಾಗ ಬಿಟ್ಟು ಕೂತ ಹಾಗಿತ್ತು. ನಾನು ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಉಜ್ಜಿನಿಯಿಂದ ಕೊಟ್ಟೂರು ಎಷ್ಟು ದೂರ? ಬೆಳಿಗ್ಗೆ ಹೊರಟವಳು ಹನ್ನೆರಡಕ್ಕೆ ಬರಬೇಕಿತ್ತು.

ಎರಡಾಯಿತು. ಮೂರಾಯಿತು. ಅವಳ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ನಾಲ್ಕಕ್ಕೆ ತಮ್ಮನ ಮಗ ಬಂದು ಕೂತ. "ದೊಡ್ಡಮ್ಮಾರ, ಇನ್ನ ಎಷ್ಟೊತ್ತು ಕಾಯೋಣ್ರಿ?"

"ಅರ್ಧ ಗಂಟೆ" ಎಂದೆ.

ಅವನು ಪಾಪ, ನನ್ನ ಮಾತಿಗೆ ಮುಕ್ಕಾಲು ಗಂಟೆ ಕಾದ. ಮಠದ ಅಯ್ಯನವರು ಹೊತ್ತು ಮುಳುಗುವ ಮೊದಲು ಮುಗಿಯಬೇಕು ಎಂದರು. ಐದಕ್ಕೆ ಎತ್ತಿದರು. ನಾನು ಹೋಗಲಿಲ್ಲ, ನನ್ನ ಮೊಣಕಾಲು ಅಷ್ಟು ದೂರ ನಡೆಯುವುದಿಲ್ಲ. ಖಾಲಿ ಅಂಗಳದಲ್ಲಿ ಚದುರಿದ ಮಂಡಕ್ಕಿ ಮತ್ತು ಮಲ್ಲಿಗೆ ನೋಡುತ್ತ ಕೂತಿದ್ದೆ.

ಆರಕ್ಕೆ ಮಣ್ಣು ಮಾಡಿ ಬಂದವರು ಬಾಗಿಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಅಜ್ಜಿ ಬಂದಳು. ಬೇಗ ಬೇಗ ನಡೆದು ಏದುಸಿರು ಬಿಡುತ್ತಿದ್ದಳು. ಸೆರಗಿನ ತುದಿಯಲ್ಲಿ ಗಂಟು. ನನ್ನನ್ನು ನೋಡಿ ಮುಖ ಅರಳಿಸಿದಳು.

"ಎಲ್ಲಿ ಅದಾಳ್ರಿ? ಒಳಗ ಮಲಗ್ಯಾಳೇನು? ಗುಡಿಗೆ ಹೋಗಿದ್ದೆ. ಉಜ್ಜಿನಿ ಮರುಳಸಿದ್ಧನ ವಿಭೂತಿ ತಂದೀನಿ. ಪೂಜಾರಿ ಇರಲಿಲ್ಲ, ಅಭಿಷೇಕ ಆಗೋತನ ಕುಂತೆ. ಇದನ್ನೊಂದು ಹಚ್ಚಿದ್ರ ಏಳ್ತಾಳ ನೋಡ್ರಿ ಹುಚ್ಚಿ."

ಅಜ್ಜಿಯ ಕಣ್ಣು ನನ್ನಿಂದ ಅಂಗಳಕ್ಕೆ ಹೋಯಿತು, ಅಲ್ಲಿಂದ ಕೈಕಾಲು ತೊಳೆಯುವವರ ಕಡೆ, ಅಲ್ಲಿಂದ ಮೂಲೆಯಲ್ಲಿ ಉಳಿದ ಬಾಳೆಯ ತುಂಡಿನ ಕಡೆ. ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಯಾವಾಗ?"

"ಬೆಳಿಗ್ಗೆ."

"ನೀವು ಫೋನ್ ಮಾಡಿದಾಗ?"

"ಆಗ... ಆಗಲೇ ಹೋಗಿದ್ದಳು ಅಜ್ಜಿ."

ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕೂತು ಹೇಳಿದಳು: "ನನಗ ಯಾರೂ ಹಂಗ ಹೇಳಂಗಿಲ್ಲ ಅಕ್ಕಾರ. ಹುಟ್ಟಿದಾಗಿಂದ ಎಲ್ಲಾರೂ ನನಗ ಸತ್ತಾರ ಅಂತಾನ ಹೇಳ್ಯಾರ. ಇಂಥಾಕಿ ಸತ್ತಾಳ, ಬಾ ಅಂತಾರ. ನಾ ಹೋಗ್ತೀನಿ. ನೀವು ಸೀರಿಯಸ್ ಅಂದ್ರಿ. ಸತ್ತಿಲ್ಲ, ಅದಕ್ಕ ಹಂಗ ಅಂದಾರ ಅನ್ಕೊಂಡೆ. ಖುಷಿ ಆತು ನನಗ."

ಐದು ತಾಲೂಕಿನಲ್ಲಿ ಆ ಮಾತನ್ನು ಮುಚ್ಚಿ ಹೇಳಬಾರದವಳು ಅವಳೊಬ್ಬಳೇ. ಹಳ್ಳಿಯ ಗೌಡರಿಂದ ಹಿಡಿದು ಕುರಿ ಕಾಯುವವರವರೆಗೆ ಎಲ್ಲರಿಗೂ ಗೊತ್ತಿದ್ದ ಈ ಸಂಗತಿ ಓದಿದವಳಾದ ನನಗೆ ಗೊತ್ತಿರಲಿಲ್ಲ. ಅವಳನ್ನೂ ಎಲ್ಲರ ಹಾಗೆ ಒಬ್ಬ ಮುದುಕಿ ಅಂದುಕೊಂಡು, ಎದೆ ಒಡೆಯಬಾರದೆಂದು, ನಾಜೂಕು ಮಾಡಿದೆ.

ಅಜ್ಜಿ ಮೂರನೆಯ ದಿನದವರೆಗೆ ನಮ್ಮ ಮನೆಯಲ್ಲಿ ಉಳಿದಳು. ನನ್ನ ಸೊಸೆ ಬಡಿಸಿದ್ದನ್ನು ಮರುಮಾತಿಲ್ಲದೆ ಉಂಡಳು. ನನ್ನ ಪುಸ್ತಕದ ಅಲಮಾರಿಯ ಕೆಳಗೆ ಚಾಪೆ ಹಾಕಿಕೊಂಡಳು. ಸಿಸ್ಟರ್ ವಿಷಯ ನಾವು ಇಬ್ಬರೂ ಎತ್ತಲಿಲ್ಲ.

ಮೂರನೆಯ ದಿನ ಗೋರಿಗೆ ಹಾಲು ಬಿಡಲು ಹೆಂಗಸರು ಹೊರಟರು. ನನ್ನನ್ನು ಆಟೋದಲ್ಲಿ ಕರೆದುಕೊಂಡು ಹೋದರು. ಹಸಿ ಮಣ್ಣಿನ ದಿಬ್ಬ, ಮೇಲೆ ಬಾಡಿದ ಹೂವು. ಹಾಲು ಬಿಟ್ಟಾದ ಮೇಲೆ ಉಳಿದವರೆಲ್ಲ ತಾವಾಗಿಯೇ ಹಿಂದೆ ಸರಿದರು. ಅಜ್ಜಿ ದಿಬ್ಬದ ತಲೆಯ ಕಡೆ ಕೂತಳು. ನಾನು ಪಕ್ಕದಲ್ಲಿ ಒಂದು ಕಲ್ಲಿನ ಮೇಲೆ ಕೂತು ಮೊಬೈಲ್ ಹೊರಗೆ ತೆಗೆದೆ. ಅವಳು ಅದನ್ನು ನೋಡಿದಳು, ಬೇಡ ಎನ್ನಲಿಲ್ಲ. ಸಿಸ್ಟರ್ ಆಸೆ ಅವಳಿಗೂ ಗೊತ್ತಿತ್ತು.

ಮಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ನೋಡೀರಲ್ಲ. ಹೇಳ್ರಿ, ಮಾರಿ ಹೆಂಗಿತ್ತು?"

"ಪೀಸ್‌ಫುಲ್ ಆಗಿತ್ತು."

"ಹಂಗಂದ್ರ?"

"ಶಾಂತವಾಗಿತ್ತು ಅಜ್ಜಿ."

"ಮತ್ತ ಸುಳ್ಳು ಹೇಳ್ತೀರಿ. ಆಕಿ ಮಾರಿ ಯಾವತ್ತ ಶಾಂತಿತ್ತು?"

ನಾನು ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಂಡೆ. ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ, ಎಂದೆ. ಯಾರೋ ಪೌಡರ್ ಹಚ್ಚಿದ್ದರು, ಅವಳು ಹಚ್ಚಿಕೊಳ್ಳುತ್ತಿರಲಿಲ್ಲ, ಕುತ್ತಿಗೆ ಕಪ್ಪು, ಮುಖ ಬಿಳಿ, ಬೇರೆಯವರ ಹಾಗೆ ಕಾಣುತ್ತಿದ್ದಳು. ತುಟಿ ಬಿಗಿದಿತ್ತು. ಅರ್ಜಿ ವಾಪಸ್ ಬಂದರೆ ಬಿಗಿಯುತ್ತಿದ್ದಳಲ್ಲ, ಹಾಗೆ. ಅರ್ಧ ತಲೆ ಬಾಚಿದ್ದಾಗಲೇ ಹೋದಳಲ್ಲ, ಆಮೇಲೆ ಬಾಚಿದವರು ಬೈತಲೆ ತಪ್ಪಾಗಿ ತೆಗೆದಿದ್ದರು, ಅವಳದು ಯಾವಾಗಲೂ ನಡುಬೈತಲೆ. ನಾನು ಸರಿ ಮಾಡಬೇಕು ಅಂದುಕೊಂಡೆ, ಅಷ್ಟು ಜನರ ಮುಂದೆ ಕೈ ಹೋಗಲಿಲ್ಲ. ಇದನ್ನು ಹೇಳುವಾಗ ನನ್ನ ದನಿ ಒಡೆಯಿತು. ಯಾವ ಕರ್ಚೀಫನ್ನೂ ಹುಡುಕಲಿಲ್ಲ.

ಅಜ್ಜಿ ಕೇಳುತ್ತ ಕಣ್ಣು ಮುಚ್ಚಿದ್ದಳು. ಅವಳ ಗಂಟಲಿನಲ್ಲಿ ಏನೋ ಎದ್ದಿತು, ಕುಂಬಾರರ ಮನೆಯಲ್ಲಿ ನಾನು ಕೇಳಿದ್ದ ಅದೇ ಮೊದಲ ದನಿ. ನಾನು ಬಟನ್ ಒತ್ತಿದೆ. ದನಿ ಒಂದು ಗಳಿಗೆ ನಿಂತಿತು, ನಡುಗಿತು, ಅಲ್ಲೇ ಇಳಿದುಹೋಯಿತು.

"ಬರವಲ್ದು" ಎಂದಳು. "ಇದು ನೀವು ನೋಡಿದ ಮಾರಿ. ನಾ ನೋಡಿದ್ದು ಮೊರ ಹೊಡೆದಾಗ ನಗತಿತ್ತಲ್ಲ, ಅದು. ಅದು ನನ್ನ ಮುಂದ ಸತ್ತಿಲ್ಲ. ಹೆಂಗ ಅಳಲಿ?"

ಆ ರೆಕಾರ್ಡಿಂಗ್ ನನ್ನ ಮೊಬೈಲಿನಲ್ಲಿ ಇದೆ. ಒಂದು ಉಸಿರು, ಆಮೇಲೆ ಗಾಳಿ, ದೂರದಲ್ಲಿ ಯಾರೋ ಟ್ರ್ಯಾಕ್ಟರ್ ತಿರುಗಿಸುವ ಸದ್ದು. ಸಿಸ್ಟರ್ ಕೇಳಿದ್ದು ಇದನ್ನಲ್ಲ. ಅವಳು ಸತ್ತು ಕೊಡಬಹುದಾದದ್ದನ್ನು ಕೊಟ್ಟಳು, ನಾನು ಒಂದು ಮಾತಿನಿಂದ ಅದನ್ನು ತಪ್ಪಿಸಿದೆ.

ಅಜ್ಜಿಯನ್ನು ಬಸ್ಸಿಗೆ ಬಿಡಲು ನಾನೇ ಹೋದೆ. ಉಜ್ಜಿನಿ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಸಿಮೆಂಟ್ ಬೆಂಚಿನ ಮೇಲೆ ಕೂತೆವು. ನಾನು ಕ್ಷಮೆ ಕೇಳಿದೆ. ಕ್ಷಮೆ ಕೇಳುವುದು ಎಂಬುದೇ ಅಜ್ಜಿಗೆ ವಿಚಿತ್ರವಾಗಿ ಕಂಡಿರಬೇಕು.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದಳು.

"ಹೇಳ್ರಿ."

"ನಿಮ್ಮ ಮನ್ಯಾಗ ಹೇಳಿಡ್ರಿ. ನಿಮ್ಮ ಹೊತ್ತು ಬಂದಾಗ ನನಗ ಸೀದಾ ಹೇಳ್ಬೇಕು ಅಂತ. ಸೀರಿಯಸ್ಸು ಗೀರಿಯಸ್ಸು ಅನ್ನಬ್ಯಾಡ್ರಿ. ಸತ್ತಾಳ ಅನ್ರಿ. ಮೊದಲ್ನೇ ಬಸ್ಸಿಗೆ ಬರ್ತೀನಿ."

"ನೀವೇ ಮೊದಲು ಹೋದರೆ?"

"ಹೋದ್ರ ನಿಮ್ಮ ಕರ್ಮ. ಇಂಗ್ಲಿಷಿನ್ಯಾಗ ಅಳಲಿ ಬಿಡ್ರಿ ಯಾರರ." ಅವಳು ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಷೀನ್ ಹಿಡೀರಿ ಅಂತಾನೂ ಹೇಳಿಡ್ರಿ. ಆಕಿಗೆ ಬೇಕಾಗಿತ್ತಲ್ಲ, ಹಾಡ್ತೀನಿ" ಎಂದಳು. ಅಷ್ಟರಲ್ಲಿ ಬಸ್ಸು ಬಂತು.

ಈ ಮಾತನ್ನು ಸೊಸೆಗೆ ಹೇಳಲು ನಾನು ಇಷ್ಟು ದಿನ ತೆಗೆದುಕೊಂಡೆ. ನಿನ್ನೆ ಮಧ್ಯಾಹ್ನ ಅವಳು ಕಡ್ಲೆಬ್ಯಾಳಿ ಆರಿಸುತ್ತಿದ್ದಳು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಹೇಳಿದೆ. ನಾನು ಸತ್ತ ದಿನ, ಎಂದು ಶುರು ಮಾಡಿದೆ. ಹೋದ ದಿನ ಎನ್ನಲಿಲ್ಲ, ತೀರಿಕೊಂಡ ದಿನ ಎನ್ನಲಿಲ್ಲ.

"ಅತ್ತಿ, ಬಿಡ್ತು ಅನ್ರಿ! ಏನ್ ಮಾತಿದು ಸಂಜಿ ಮುಂದ?"

"ಸಂಜೆ ಇನ್ನೂ ಆಗಿಲ್ಲ. ಪೂರ್ತಿ ಕೇಳು." ಅಜ್ಜಿಗೆ ಏನು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು, ಅವಳು ನನ್ನ ಮುಖ ನೋಡುವವರೆಗೆ ಯಾರೂ ಎತ್ತಬಾರದು, ಮೊಬೈಲ್ ಯಾರು ಹಿಡಿಯಬೇಕು, ಎಲ್ಲ ಹೇಳಿದೆ. ಪೌಡರ್ ಹಚ್ಚಬೇಡಿ ಎಂದೂ ಹೇಳಿದೆ.

ಸೊಸೆ ತಲೆ ಎತ್ತದೆ ಮೊರದಲ್ಲಿದ್ದ ಬೇಳೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತ ಕೂತಳು. ಕಲ್ಲು ಇರಲಿಲ್ಲ, ಆದರೂ ಸರಿಸುತ್ತಿದ್ದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಕೈ ಝಾಡಿಸಿ ತನ್ನ ಮೊಬೈಲ್ ತೆಗೆದುಕೊಂಡಳು.

"ಅವರ ನಂಬರ್ ಹೇಳ್ರಿ" ಎಂದಳು.

ನಾನು ಹೇಳಿದೆ. ಮೊದಲ ಸಲ ಒಂದು ಅಂಕಿ ತಪ್ಪಿತು. ಎರಡನೆಯ ಸಲ ನಿಧಾನವಾಗಿ, ಒಂದೊಂದೇ ಅಂಕಿಯಾಗಿ ಹೇಳಿದೆ.